ರೈಲಿನ ತಂತಿಯ ಕೆಳಗೆ ಕಣಕಿಯ ಹೇರು

ನಮ್ಮ ಕಡೆ ಕರೆಂಟಿನ ತಂತಿಗಳು ಓಣಿಯೊಳಗೆ ಜೋತುಬಿದ್ದಿರುತ್ತವೆ. ಕಣಕಿ, ಅಂದರೆ ಜೋಳದ ಒಣದಂಟು, ಹೇರಿಕೊಂಡು ಬರುವಾಗ ಒಬ್ಬ ಹೇರಿನ ನೆತ್ತಿಯ ಮೇಲೆ ಕೂತು ಬಿದಿರಿನ ಗಳದಿಂದ ತಂತಿ ಎತ್ತುತ್ತಾನೆ, ಕೆಳಗೆ ಟ್ರ್ಯಾಕ್ಟರ್ ದಾಟುತ್ತದೆ. ಕಂಡಾಗಲೆಲ್ಲ ನಾನು ಇದು ಬೇಡ ಎಂದು ಕೂಗುತ್ತೇನೆ. ಆದರೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಗಜೇಂದ್ರಗಡದ ಬಸ್‌ಸ್ಟ್ಯಾಂಡಿನಿಂದ ಮನೆಗೆ ತಿರುಗಿ ಓಡಿದವನು ನಾನು. ನನ್ನ ಮಾತನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹೋದ ಸುಗ್ಗಿಯಲ್ಲಿ ಅಕ್ಕನ ಗಂಡನ, ಅಂದರೆ ನಮ್ಮ ಮಾಂವನ, ಟ್ರ್ಯಾಕ್ಟರ್ ನಾನೇ ಹೊಡೆಯಬೇಕಾಯಿತು. ಮಾಂವ ಗಳ ಹಿಡಿದು ಹೇರಿನ ಮೇಲೆ. ರೋಣದ ಹಾದಿಯಲ್ಲಿ ರೈಲು ಗೇಟು ಹಾಕಿತ್ತು. ಈಗ ಹಳಿಯ ಮೇಲೂ ಕರೆಂಟಿನ ತಂತಿ ಬಂದಿದೆ. ಎತ್ತರದ ಹೇರು ತಡೆಯಲು ಗೇಟಿನ ಮುಂದೆ ತೂಗಹಾಕಿದ್ದ ಕಬ್ಬಿಣದ ಅಡ್ಡಪಟ್ಟಿಯನ್ನು ಯಾರೋ ಪುಣ್ಯಾತ್ಮರು ಹಗ್ಗದಿಂದ ಮೇಲಕ್ಕೆ ಕಟ್ಟಿಬಿಟ್ಟಿದ್ದರು. ಅಪಾಯದ ಬೋರ್ಡಿನ ತುಂಬ ಗುಟ್ಕಾದ ಉಗುಳು.

ಪ್ಯಾಸೆಂಜರ್ ಗಾಡಿ ಹೋಯಿತು. ಮಾಂವ ಮೇಲಿಂದ, "ನೋಡಪಾ, ಡಬ್ಬಿ ಮ್ಯಾಗ ಎಷ್ಟ ಜಾಗ ಐತಿ. ನಮ್ಮ ಹೇರು ಆರಾಮ ಹೊಕ್ಕೈತಿ" ಅಂದರು.

"ಆ ಜಾಗ ಎತ್ತರದ ಗೂಡ್ಸ್ ಗಾಡಿ ಸಲುವಾಗಿ ಬಿಟ್ಟಾರ್ರಿ ಮಾಂವ. ನಿಮಗಲ್ಲ."

"ಸಾಲದಿದ್ರ ಗಳಾ ಐತಲ್ಲ. ಎತ್ತತೀನಿ."

ಈ ತಂತಿಯನ್ನು ಮುಟ್ಟಬೇಕೆಂದೇನೂ ಇಲ್ಲ, ಹತ್ತಿರ ಹೋದರೂ ಸಾಕು, ಕರೆಂಟು ಹಾರಿ ಹಿಡಿಯುತ್ತದೆ. ಉಗುಳಿನ ಸಂದಿಯಲ್ಲಿ ಅದೇ ಬರೆದಿತ್ತು. ಗೇಟು ತೆರೆಯಿತು. ನಾನು ಎಂಜಿನ್ ಬಂದ್ ಮಾಡಿ ಚಾವಿ ಕಿಸೆಗೆ ಹಾಕಿಕೊಂಡೆ.

"ಇಳೀರಿ. ಇಲ್ಲಾಂದ್ರ ನಾ ಗಾಡಿ ಬಿಡಂಗಿಲ್ಲ."

"ನಿಮ್ಮಕ್ಕ ಹೇಳೂದು ಖರೇ ಐತಿ. ನೀ ನಿನ್ನ ನೆಳ್ಳಿಗೂ ಅಂಜತಿ."

ಹಿಂದೆ ಹಾರ್ನುಗಳು ಶುರುವಾದವು. ಇನ್ನೊಂದು ಕಣಕಿಯ ಗಾಡಿ ನಮ್ಮನ್ನು ದಾಟಿ ಮುಂದೆ ಬಂತು. ಅದರ ಮೇಲಿದ್ದವನು ಏನೋ ಅಗಿಯುತ್ತ ಅಂಗಾತ ಮಲಗಿದ; ಗಾಡಿ ತಂತಿಯಡಿ ನುಸುಳಿ ಹೋಯಿತು. ಏನೂ ಆಗಲಿಲ್ಲ. "ನೋಡಿದಿ?" ಎಂದು ಮಾಂವ ನಕ್ಕರು. ಏನೂ ಆಗಲಿಲ್ಲವಲ್ಲ, ನನಗೆ ಹೆಚ್ಚು ಹೇಸಿಗೆಯಾದದ್ದು ಅದಕ್ಕೇ. ನಾಳೆಯೂ ಅವನು ಹೀಗೇ ಮಲಗುತ್ತಾನೆ, ನಾಡಿದ್ದು ಇನ್ನೊಬ್ಬ.

ನಾನು ಚಾವಿ ಕೊಡಲಿಲ್ಲ. ಕೊನೆಗೆ ಮಾಂವ ನಮ್ಮ ವಂಶವನ್ನೆಲ್ಲ, ಅದರೊಳಗೆ ತಮ್ಮ ಹೆಂಡತಿಯನ್ನೂ ಸೇರಿಸಿ, ಬೈಯುತ್ತ ಇಳಿದರು. ಮೇಲಿನ ಸಿವುಡುಗಳನ್ನು, ಅಂದರೆ ದಂಟಿನ ಕಟ್ಟುಗಳನ್ನು, ಎಳೆದು ರಸ್ತೆಯ ಬದಿಗೆ ಒಟ್ಟಿದೆವು. ಅಂಗಿಯೊಳಗೆಲ್ಲ ಕಣಕಿಯ ಧೂಳು.

"ಉಳದದ್ದ ನೀನ ಹೊತ್ತ ತರಬೇಕ ಮತ್ತ."

"ತರ್ತೀನ್ರಿ."

ಅವರ ಕೈಯೊಳಗಿನ ಗಳ ಇಸಿದುಕೊಂಡು ಸಿವುಡುಗಳ ಮೇಲೆ ಒಗೆದೆ. ಹಳಿ ದಾಟುವಾಗ ಮಾಂವ ಟ್ರ್ಯಾಕ್ಟರಿನ ಪಕ್ಕದಲ್ಲಿ ನಡೆದು ಬಂದರು, ಬೈಯುತ್ತಲೇ.