ಮಾಸ್ಟ್ರು ನುಂಗಿದ ಪ್ರಶ್ನೆ

ಕೆಮ್ಮಣ್ಣು ಎಂಬ ಊರಿನ ಚರ್ಚಿನಲ್ಲಿ ಹಾಡು ಕಲಿಸುವ ಬ್ಯಾಪ್ಟಿಸ್ಟ್ ಮಾಸ್ಟ್ರಿಗೆ ಸಂಗೀತದ ವಿಷಯದಲ್ಲಿ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಇಗರ್ಜಿಯಲ್ಲಿ ಲ್ಯಾಟಿನ್ ಗೀತೆ ಹಾಡುವಾಗ ಯಾರ ಸ್ವರವಾದರೂ ಜಾರಿದರೆ ಪಿಟೀಲಿನ ಕಮಾನಿನಿಂದಲೇ ಬೆಂಚಿಗೆ ಬಡಿಯುತ್ತಿದ್ದರು. ಇಂಥ ಮನುಷ್ಯ ತಲೆ ತಗ್ಗಿಸುವಂತೆ ಮಾಡುತ್ತಿದ್ದದ್ದು ಯಾವುದು ಗೊತ್ತೇ? ಹೆತ್ತ ತಾಯಿಯ ಹಾಡು.

ತಾಯಿ ಜೆರ್ಟ್ರೂಡ್ ಬಾಯಿ ವೊವಿಯೊ ಹಾಡುವವರು. ಮದುವೆಯ ಮುಂಚಿನ ದಿನ ರೋಸ್ ಮಾಡುತ್ತಾರಲ್ಲ, ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ಶಾಸ್ತ್ರ, ಅದಕ್ಕೆ ಈ ಕೊಂಕಣಿ ಹಾಡು ಬೇಕೇ ಬೇಕು. ಹಿರಿಯ ಹೆಂಗಸೊಬ್ಬಳು ಎತ್ತಿಕೊಡಬೇಕು, ಚಪ್ಪರದಲ್ಲಿದ್ದವರೆಲ್ಲ ಹಿಂದೆ ದನಿಗೂಡಿಸಬೇಕು. ಕಾಪುವಿನಿಂದ ಕಾರ್ಕಳದವರೆಗೆ ಜೆರ್ಟ್ರೂಡ್ ಬಾಯಿಗೆ ಕರೆ ಬರುತ್ತಿತ್ತು. ಮಗನ ಕಿವಿಗೆ ಮಾತ್ರ ಅದು ಗದ್ದೆಯವರ ಕೂಗಾಟ. "ಮಾಸ್ಟ್ರ ಮನೆಯಲ್ಲಿ ಇದೆಲ್ಲ ಬೇಡ ಮಾಂಯ್" ಎಂದು ತಾಯಿಗೆ ಒಮ್ಮೆ ಹೇಳಿದ್ದೇ ಸಾಕಾಯಿತು. ಆಕೆ ಮನೆಯಲ್ಲಿ ಗುನುಗುವುದನ್ನೂ ಬಿಟ್ಟರು. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಿದರೇ?

ಸಾವಿರದ ಒಂಬೈನೂರ ಅರವತ್ತೆರಡರ ಸುಮಾರಿಗೆ ಮಣಿಪಾಲದ ಕಾಲೇಜಿಗೆ ಅಮೆರಿಕದ ಪ್ರೊಫೆಸರರೊಬ್ಬರು ಬಂದರು. ಅವರಲ್ಲಿ ಪಾಶ್ಚಾತ್ಯ ಸಂಗೀತದ ರೆಕಾರ್ಡುಗಳಿವೆ ಎಂದು ತಿಳಿದದ್ದೇ ತಡ, ಮಾಸ್ಟ್ರು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಹೊರಟರು. ಪ್ರೊಫೆಸರು ತಮ್ಮ ದೇಶದ ಸಂಗೀತ ಹಾಕಿ ವಿವರಿಸಿದರು. ಆರನ್ ಕೋಪ್ಲೆಂಡ್ ಎಂಬವರು ದನ ಕಾಯುವವರ ಹಾಡು, ಹಳ್ಳಿ ಪಿಟೀಲಿನವರ ಕುಣಿತದ ಧಾಟಿಗಳನ್ನು ಎತ್ತಿ ದೊಡ್ಡ ವಾದ್ಯವೃಂದಕ್ಕೆ ಬರೆದರಂತೆ. ಚಾರ್ಲ್ಸ್ ಐವ್ಸ್ ಎಂಬವರು ಊರಿನ ಬ್ಯಾಂಡಿನ ಗದ್ದಲವನ್ನೂ ಬಿಡಲಿಲ್ಲವಂತೆ. ಮಾಸ್ಟ್ರು "ಆಹಾ" ಎಂದು ತಲೆದೂಗಿದರು. ಅಮೆರಿಕದ ದನ ಕಾಯುವವನಾದರೆ ಅಡ್ಡಿಯಿಲ್ಲ ನೋಡಿ.

"ನಿಮ್ಮವರ ಹಾಡುಗಳನ್ನೂ ಕೇಳಬೇಕು" ಎಂದು ಪ್ರೊಫೆಸರು ಒಂದು ಆದಿತ್ಯವಾರ ಟೇಪ್ ರೆಕಾರ್ಡರ್ ಹೊತ್ತುಕೊಂಡು ಕೆಮ್ಮಣ್ಣಿನ ಮನೆಗೇ ಬಂದುಬಿಟ್ಟರು. ಮಾಸ್ಟ್ರು ಜರ್ಮನಿಯ ಕೀರ್ತನೆ ನುಡಿಸಿದರು. ಪ್ರೊಫೆಸರು ಮರ್ಯಾದೆಗೆ ಕೇಳಿ, ಬಾಗಿಲ ಹತ್ತಿರ ನಿಂತಿದ್ದ ಜೆರ್ಟ್ರೂಡ್ ಬಾಯಿಯ ಕಡೆ ನೋಡಿ ಇಂಗ್ಲಿಷಿನಲ್ಲಿ, "ನಿಮ್ಮ ತಾಯಿಗೆ ಹಳೆಯ ಹಾಡು ಬರುತ್ತದೆಯೇ? ಹಾಡುತ್ತಾರೆಯೇ ಕೇಳಿ" ಎಂದರು.

ಮಾಸ್ಟ್ರು ತಾಯಿಯ ಕಡೆ ತಿರುಗಿದರು. ಕೊಂಕಣಿಯಲ್ಲಿ ಹೇಳಿದರು, "ಅವರಿಗೆ ಇನ್ನೊಂದು ಕಾಫಿ ಬೇಕಂತೆ ಮಾಂಯ್."

ಆಕೆ ಒಂದು ಗಳಿಗೆ ಮಗನನ್ನು ನೋಡಿ ಒಳಗೆ ಹೋದರು. "ಹಾಡೆಲ್ಲ ಬರುವುದಿಲ್ಲವಂತೆ" ಎಂದು ಮಾಸ್ಟ್ರು ಪ್ರೊಫೆಸರಿಗೆ ಇಂಗ್ಲಿಷಿನಲ್ಲಿ ಹೇಳಿದರು. ಹೇಳಿ ಮುಗಿಸುವಷ್ಟರಲ್ಲಿ ಬಿಸ್ಕಿಟಿನ ತಟ್ಟೆ ಹಿಡಿದು ನಿಂತಿದ್ದ ಮಗಳು ಸೆಲೀನ್ ಕಣ್ಣಿಗೆ ಬಿದ್ದಳು. ಕಾಲೇಜಿಗೆ ಹೋಗುವ ಹುಡುಗಿ, ಎರಡೂ ಭಾಷೆ ಚೆನ್ನಾಗಿಯೇ ಬರುತ್ತಿತ್ತು. ಮಾಸ್ಟ್ರ ಕಿವಿ ಬಿಸಿಯಾಯಿತು.

ಕಾರು ಹೊರಟ ಮೇಲೆ ಸೆಲೀನ್ ಹತ್ತಿರ ಬಂದಳು. "ಪಪ್ಪಾ, ಅವರು ಕೇಳಿದ್ದು ಕಾಫಿಯಾ?"

"ನಿನಗೆ ಎಂತ ಗೊತ್ತುಂಟು? ಒಳಗೆ ಹೋಗು."

"ನನ್ನ ರೋಸಿಗೆ ಅಜ್ಜಿಯೇ ಹಾಡಬೇಕು. ನೀವೇ ಅವರನ್ನು ಕೇಳಬೇಕು. ಇಲ್ಲದಿದ್ದರೆ ನನಗೆ ರೋಸ್ ಬೇಡ."

ಒಂದು ಮಾತು ಕೇಳಲು ಎಷ್ಟು ಹೊತ್ತು ಬೇಕು? ಮಾಸ್ಟ್ರಿಗೆ ವರ್ಷಗಳೇ ಸಾಲಲಿಲ್ಲ. ತಾಯಿ ಲೋಟ ತಂದಿಟ್ಟಾಗಲೆಲ್ಲ ಮುಖ ಎಲ್ಲಿಡಬೇಕೋ ತಿಳಿಯುತ್ತಿರಲಿಲ್ಲ. ಕೇಳಬೇಕಾದರೆ ಅಂದಿನ ಸುಳ್ಳನ್ನೂ ಹೇಳಬೇಕಲ್ಲ, ಅದಕ್ಕೇ ನಾಲಿಗೆ ಹೊರಳುತ್ತಿರಲಿಲ್ಲ. ಇಗರ್ಜಿಯಲ್ಲಿ ಬೆಂಚಿಗೆ ಬಡಿಯುವುದೂ ನಿಂತಿತು. ಮಾಸ್ಟ್ರು ಮೆತ್ತಗಾದರು ಎಂದು ಜನ ಸಂತೋಷಪಟ್ಟರು, ಪಾಪ.

ಪ್ರೊಫೆಸರು ತಮ್ಮ ದೇಶಕ್ಕೆ ಮರಳಿದರು. ಸೆಲೀನಳಿಗೆ ಕಾರ್ಕಳದ ಲಿಯೋನೆಲ್ ಎಂಬ ಹುಡುಗನ ಜೊತೆ ಮದುವೆ ಗೊತ್ತಾಯಿತು. ಚಪ್ಪರ ಎದ್ದಿತು, ನೆಂಟರು ತುಂಬಿದರು, ತೆಂಗಿನ ಹಾಲು ಹಿಂಡಿಯಾಯಿತು. ಆಗಲೂ ಮಾಸ್ಟ್ರು ಕೇಳಿರಲಿಲ್ಲ. ಮಣೆಯ ಮೇಲೆ ಕುಳಿತ ಸೆಲೀನ್ ಅಪ್ಪನನ್ನೇ ನೋಡುತ್ತಿದ್ದಳು. ಹಾಡು ಏಳದೆ ಹಾಲು ಹಚ್ಚುವಂತಿಲ್ಲ. ಮಾಸ್ಟ್ರು ಹಾಲಿನ ಬಟ್ಟಲು ಹಿಡಿದು ತಾಯಿಯ ಮುಂದೆ ನಿಂತರು. "ಮಾಂಯ್..." ಎಂದರು. ಬಟ್ಟಲನ್ನು ಆಕೆಯತ್ತ ಚಾಚಿದರು.

ಜೆರ್ಟ್ರೂಡ್ ಬಾಯಿಯೇ ಕೇಳಿದರು, "ಹಾಡಬಹುದಾ ಪುತಾ?"

ಚುಚ್ಚುವ ದನಿಯಲ್ಲ. ನಿಜವಾಗಿ ಅಪ್ಪಣೆ ಕೇಳುವ ದನಿ.

"ಅವತ್ತು ಆ ದೊರೆಗಳು ಸಾಂಗ್, ಸಾಂಗ್ ಅಂತ ಕೇಳಿದರಲ್ಲ, ನಿನಗೆ ನಾಚಿಕೆ ಆಗ್ತದೆ ಅಂತ ನಾನು ಕಾಫಿ ಮಾಡಲಿಕ್ಕೆ ಹೋದೆ. ಇವತ್ತೂ ದೊಡ್ಡವರೆಲ್ಲ ಬಂದಿದ್ದಾರೆ. ನಿನಗೆ ಅಡ್ಡಿ ಇಲ್ಲ ಅಲ್ವಾ?"

ಕಾಪುವಿನವರು, ಕಾರ್ಕಳದವರು, ಬೀಗರು, ಇಗರ್ಜಿಯ ಹಾಡುಗಾರರು ಎಲ್ಲರೂ ಮಾಸ್ಟ್ರನ್ನೇ ನೋಡಿದರು. ಭೂಮಿ ಬಾಯಿ ಬಿಟ್ಟರೆ ಸಾಕಿತ್ತು. "ಹಾಡು ಮಾಂಯ್, ನನ್ನದು ತಪ್ಪಾಯಿತು" ಎಂದರು. ಹಿಂದಿನ ಸಾಲಿನವರಿಗೆ ಅದು ಕೇಳಿಸಲಿಲ್ಲ.

ಜೆರ್ಟ್ರೂಡ್ ಬಾಯಿ ಎತ್ತಿಕೊಂಡರು. ವಯಸ್ಸಾದ ದನಿ, ಆದರೂ ನೆಟ್ಟಗಿತ್ತು. ಮುಂದಿನ ಸಾಲಿಗೆ ಇಡೀ ಚಪ್ಪರ ದನಿಗೂಡಿಸಿತು. ಮಾಸ್ಟ್ರು ಮಗಳ ತಲೆಯ ಮೇಲೆ ಕೈಯಿಟ್ಟು ತಾವೂ ಬಾಯಿ ತೆರೆದರು. ಊರಿಗೆಲ್ಲ ಲ್ಯಾಟಿನ್ ಕಲಿಸಿದ ಆ ಮನುಷ್ಯನಿಗೆ ತಾಯಿಯ ಹಾಡಿನ ಒಂದು ಸಾಲೂ ಬರುತ್ತಿರಲಿಲ್ಲ. ಸುಮ್ಮನೆ ತುಟಿ ಆಡಿಸಿದರು. ಸೆಲೀನ್ ತಲೆಯೆತ್ತಿ ಅದನ್ನು ನೋಡಿದಳು.