ಬೂದೆಪ್ಪನ ಟುವಾಲು

ದೇವದುರ್ಗದ ಬಸ್ ನಿಲ್ದಾಣದಲ್ಲಿ ಆ ದಿನ ಬೆಳಿಗ್ಗೆ ಬೂದೆಪ್ಪ ಎಸೆದ ಟುವಾಲು ಬಸ್ಸಿನೊಳಗೆ ಹೋಗಲಿಲ್ಲ. ಕಿಟಕಿಗೆ ಪಟಾರೆಂದು ಬಡಿದು, ಅರೆಗಳಿಗೆ ಅಲ್ಲೇ ಅಂಟಿಕೊಂಡು, ಆಮೇಲೆ ನಿಧಾನಕ್ಕೆ ಜಾರಿ ಅವನ ತಲೆಯ ಮೇಲೆಯೇ ಬಂದು ಕುಳಿತಿತು. ಅದು ರಾಯಚೂರಿನ ಮೇಲೆ ಹೈದರಾಬಾದಿಗೆ ಹೋಗುವ ಹೊಸ ಎ.ಸಿ. ಬಸ್ಸು. ಅದರ ಕಿಟಕಿಗಳು ತೆರೆಯುವಂಥವಲ್ಲ, ನೋಡುವಂಥವು. ಗಾಜನ್ನು ಎಷ್ಟು ಚೆನ್ನಾಗಿ ಒರೆಸಿದ್ದರೆಂದರೆ, ಅಲ್ಲಿ ಗಾಜಿದೆ ಎಂಬುದು ಮೊದಲು ಟುವಾಲಿಗೆ ಗೊತ್ತಾಗಿ, ಆಮೇಲೆ ಬೂದೆಪ್ಪನಿಗೆ ಗೊತ್ತಾಯಿತು.

ಸ್ನಾನ ಮಾಡಿ ಆಗಷ್ಟೇ ಹಿಂಡಿಕೊಂಡು ಬಂದಿದ್ದ ಹಸಿ ಟುವಾಲು ಅದು. ಐವತ್ತು ದಾಟಿದ ಗಂಡಸು ಮುಖದ ತುಂಬ ಮುಸುಕು ಹೊದ್ದು, ಗದ್ದದಿಂದ ನೀರು ತೊಟ್ಟಿಕ್ಕಿಸುತ್ತ, ಹೊಸ ಮದುಮಗಳ ಹಾಗೆ ನಿಂತಿದ್ದ.

"ಯಜಮಾನ್ರ, ಇದು ಬುಕಿಂಗ್ ಬಸ್ ರೀ," ಎಂದ ಬಾಗಿಲಲ್ಲಿ ನಿಂತಿದ್ದ ಕಂಡಕ್ಟರ್. "ಇದರಾಗ ಸೀಟು ಮೊಬೈಲ್‌ಲೆ ಹಿಡಿಬೇಕು, ಟುವಾಲಿಲೆ ಅಲ್ಲ."

"ಹೊಸಾ ಗಾಡಿ ಅದ, ನೋಡೂಣು ಅಂತ ಒಗದೆ," ಎಂದ ಬೂದೆಪ್ಪ, ಮುಸುಕಿನೊಳಗಿಂದಲೇ.

ಇಡೀ ನಿಲ್ದಾಣ ನಕ್ಕಿತು. ಯಾರೋ ಫೋನು ಎತ್ತಿ ಹಿಡಿದಿದ್ದರು. ಯಾರೆಂದು ಮುಸುಕಿನೊಳಗಿದ್ದವನಿಗೆ ಕಾಣುವಂತಿರಲಿಲ್ಲ. ಟುವಾಲು ತೆಗೆದಾಗ ಎಲ್ಲರೂ ನಗುತ್ತಿದ್ದುದರಿಂದ ಅವನೂ ನಕ್ಕ.

ಬೂದೆಪ್ಪ ಹುಟ್ಟಿದ್ದು ಜಾಲಹಳ್ಳಿಯಲ್ಲಿ. ಹೆಸರಿನಲ್ಲೇ ಜಾಲವಿರುವ ಊರಿನವನಾದರೂ ಅಂತರ್ಜಾಲಕ್ಕೆ ಸಿಕ್ಕದೆ ಉಳಿದವನು. ಅವನ ಕಿಸೆಯಲ್ಲಿದ್ದದ್ದು ಗುಂಡಿ ಒತ್ತುವ ಹಳೆಯ ಫೋನು. ಮನೆ ದೇವದುರ್ಗದಲ್ಲಿ, ಕೆಲಸ ರಾಯಚೂರಿನ ಒಂದು ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ. ಬೆಳಿಗ್ಗೆ ಬಸ್ಸು ಹತ್ತಿ ಹೋಗಿ, ದಿನವೆಲ್ಲ ಹತ್ತಿಯಲ್ಲಿ ಮುಳುಗಿ, ಸಂಜೆ ಮತ್ತೆ ಬಸ್ಸು ಹತ್ತಿ ಬರುವುದು: ಹೀಗೆ ಎತ್ತ ನೋಡಿದರೂ ಅವನ ಬದುಕು ಹತ್ತಿಯದೇ. ಆ ಫ್ಯಾಕ್ಟರಿಯ ಗಾಳಿಯಲ್ಲಿ ಉಸಿರಿಗಿಂತ ಅರಳೆಯೇ ಹೆಚ್ಚು. ಹಾಗಾಗಿ ಮೂಗು ಬಾಯಿಗೆ ಸುತ್ತಿಕೊಳ್ಳಲು ಟುವಾಲು ಬೇಕೇ ಬೇಕು. ಮೈ ಒರೆಸಿದ್ದೂ ಅದೇ, ಸೀಟು ಹಿಡಿದದ್ದೂ ಅದೇ, ಉಸಿರು ಸೋಸಿದ್ದೂ ಅದೇ.

ಕಾನ್ವೆಂಟಿನಲ್ಲಿ ಓದಿದ ನನ್ನಂಥವರಿಗೆ ಕಲಿಸಿದ್ದು ಕ್ಯೂ ನಿಲ್ಲುವುದನ್ನು. ಬೂದೆಪ್ಪನ ಬಸ್ಸಿನಲ್ಲೇ ದಿನಾ ರಾಯಚೂರಿಗೆ ಹೋಗತೊಡಗಿದಾಗ, ಆ ನಿಲ್ದಾಣದಲ್ಲಿ ಮೊದಲ ದಿನ ನಾನು ಕ್ಯೂ ನಿಂತೆ. ಕ್ಯೂನಲ್ಲಿ ನಾನೊಬ್ಬನೇ ಇದ್ದೆ. ಆನ್‌ಲೈನ್ ಬರುವ ಮೊದಲು ನಮ್ಮ ಕಡೆ ಲೈನೇ ಇರಲಿಲ್ಲ, ಇದ್ದದ್ದು ಟುವಾಲಿನ ಕಾನೂನು. ಬಸ್ಸು ಹಿಂದಕ್ಕೆ ಸರಿದು ನಿಲ್ಲುವುದರೊಳಗೆ ಕಿಟಕಿಯಿಂದ ಟುವಾಲೋ ಚೀಲವೋ ಸೀಟಿನ ಮೇಲೆ ಬಿದ್ದರೆ ಆ ಸೀಟು ನಿಮ್ಮದು. ಕೆಳಗೆ ಜಗಳ ಹೊಡೆದಾಟದ ತನಕ ಹೋದರೂ ಮೇಲಿನ ಟುವಾಲನ್ನು ಯಾರೂ ಎತ್ತಿ ಬಿಸಾಡುವುದಿಲ್ಲ. ಹೆಣ್ಣುಮಕ್ಕಳಿಗೆ ಟಿಕೆಟ್ಟು ಪುಕ್ಕಟೆಯಾದ ಮೇಲೆ ಸೀಟು ಇನ್ನೂ ತುಟ್ಟಿಯಾಗಿ, ಈ ಕಾನೂನಿನ ಬೆಲೆಯೂ ಏರಿತ್ತು. ಕಂಪ್ಯೂಟರಿನವರಿಗೆ ಮುಂಚೆಯೇ ವಿಂಡೋ ತೆರೆದು ಕೆಲಸ ಮುಗಿಸುತ್ತಿದ್ದವನು ನಮ್ಮ ಬೂದೆಪ್ಪ.

ಅವನು ಸೀಟು ಹಿಡಿಯುತ್ತಿದ್ದದ್ದು ಮೂವರಿಗೆ. ಒಬ್ಬರು ಶ್ರೀನಿವಾಸ ಮಾಸ್ತರರು, ರಾಯಚೂರಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವರು, ಧೋತರದವರು. ಇನ್ನೊಬ್ಬರು ಜಯಾಬಾಯಿ, ಸರಕಾರಿ ಕಚೇರಿಯೊಂದರ ಗುಮಾಸ್ತೆ. ಮೂರನೆಯವನು ಶಕೀಲ್, ರಾಯಚೂರಿನ ಬಜಾರಿನಲ್ಲಿ ಮೊಬೈಲ್ ಕವರುಗಳ ಅಂಗಡಿಯವನು. ಎಲ್ಲರೂ ದೇವದುರ್ಗದಿಂದ ದಿನಾ ಹೋಗಿ ಬರುವ ಅಪ್-ಡೌನ್ ಮಂದಿ. ಬಸ್ಸಿನವರೆಲ್ಲ ಇವರನ್ನು ಕರೆಯುತ್ತಿದ್ದದ್ದು ಟುವಾಲು ಗ್ಯಾಂಗ್ ಎಂದು. ಜಯಾಬಾಯಿಗೆ ಮಡಚಿದ ಪೇಪರು, ಶಕೀಲನಿಗೆ ಬುತ್ತಿಯ ಚೀಲ, ಮಾಸ್ತರರಿಗೆ ಕಿಟಕಿ ಪಕ್ಕದಲ್ಲಿ ಖುದ್ದು ಟುವಾಲು. ಮಾಸ್ತರರ ಪಕ್ಕದಲ್ಲಿ ಬೂದೆಪ್ಪ.

"ಒದ್ದಿ ಮಾಡೀಯಲ್ಲೋ ಸೀಟು," ಎಂದು ಮಾಸ್ತರರು ಮೊದಮೊದಲು ಗೊಣಗುತ್ತಿದ್ದರು. "ಧೋತರ ಹಿಂದ ಹಸಿ ಆಗ್ತದ. ಸಾಲ್ಯಾಗ ಹುಡುಗರು ಏನಂದಾರು?"

ಅಂದಿನಿಂದ ಬೂದೆಪ್ಪ ಮಾಸ್ತರರು ಬಂದ ಕೂಡಲೇ ಟುವಾಲೆತ್ತಿ, ಅಂಗಿಯ ತುದಿಯಿಂದ ಸೀಟು ಒರೆಸಿ, ಹಸಿ ಟುವಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದ. ರಾಯಚೂರು ಬಂದರೂ ಅದು ಒಣಗುತ್ತಿರಲಿಲ್ಲ. ಅವನ ಪ್ಯಾಂಟೂ ಒಣಗುತ್ತಿರಲಿಲ್ಲ. ಅವನಿಗದರ ಖಬರು ಇರಲಿಲ್ಲ. ಫ್ಯಾಕ್ಟರಿಯ ಮಷೀನುಗಳ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಬಾಯಿಗೆ ಬಟ್ಟೆ ಬೇರೆ. ಅವನು ಮನಸಾರೆ ಮಾತಾಡುತ್ತಿದ್ದದ್ದು ಈ ಹಾದಿಯಲ್ಲಿ ಮಾತ್ರ. ಜಯಾಬಾಯಿ ಮೊಬೈಲಿನಲ್ಲಿ ಸೀರೆ ಕೊಳ್ಳಲು ಕಲಿತ ಮೇಲೆ ಆ ಸೀಟಿನಲ್ಲಿ ಮಾತು ಕಡಿಮೆಯಾಗಿ ಹೆಬ್ಬೆರಳು ಜಾಸ್ತಿಯಾಯಿತು. ಶಕೀಲನ ಗಿರಾಕಿಗಳು ಕವರುಗಳನ್ನು ಮನೆಗೇ ತರಿಸಿಕೊಳ್ಳತೊಡಗಿ, ಅವನೂ ಫೋನಿನೊಳಗೇ ಅಂಗಡಿ ತೆರೆದು ಕೂತ. ಆದರೂ ನಾಲ್ವರೂ ಕೂರುತ್ತಿದ್ದದ್ದು ಒಟ್ಟಿಗೇ. ಬೂದೆಪ್ಪನಿಗೆ ಅಷ್ಟು ಸಾಕಾಗಿತ್ತು.

ಗಾಜಿನ ಬಸ್ಸಿನ ವಿಡಿಯೋ ಅವನಿಗಿಂತ ಮೊದಲೇ ರಾಯಚೂರು ಮುಟ್ಟಿತು. ಫ್ಯಾಕ್ಟರಿಯ ಗೇಟಿನಲ್ಲಿ ವಾಚ್‌ಮನ್ ತಲೆಯ ಮೇಲೆ ಟುವಾಲು ಎಳೆದುಕೊಂಡು "ಬರ್ರಿ ಮದುಮಗಳ" ಎಂದ. ಮಾನ್ವಿಯಿಂದ ಬೀಗರು ಫೋನು ಮಾಡಿ, "ನಮ್ಮ ಓಣ್ಯಾಗ ಎಲ್ಲಾರ ಸ್ಟೇಟಸ್ಸಿನ್ಯಾಗೂ ನೀನಽ ಅದಿ" ಎಂದರು. ಅಲ್ಲಿಯವರೆಗೆ ಬೂದೆಪ್ಪನಿಗೆ ಸಮಾಜದಲ್ಲಿ ಅಂಥ ಸ್ಟೇಟಸ್ ಏನೂ ಇರಲಿಲ್ಲ.

"ಯಾರ್ ತಗದಾರ ಅಂತ ಒಮ್ಮಿ ಗೊತ್ತಾಗ್ಲಿ ಬೂದೆಪ್ಪಣ್ಣ," ಎಂದು ಶಕೀಲ್ ಮರುದಿನ ಬಸ್ಸಿನಲ್ಲಿ ತೋಳು ಏರಿಸಿದ್ದ. "ಖಸಂ, ಅವನ ಫೋನ್ ಒಡದು ಅವನ ಕೈಯಾಗ ಕೊಡ್ತೀನಿ."

ಬೂದೆಪ್ಪನೇ ಅವನನ್ನು ಸಮಾಧಾನ ಮಾಡಿದ.

ಅದಾಗಿ ಕೆಲವು ದಿನಕ್ಕೆ ಒಂದು ಸೋಮವಾರ ಮೂವರೂ ಬರಲಿಲ್ಲ. ಪೇಪರು, ಚೀಲ, ಟುವಾಲು ತಂತಮ್ಮ ಸೀಟಿನಲ್ಲಿ ಆರಾಮವಾಗಿ ಕುಳಿತಿದ್ದವು. ಬಸ್ಸು ತುಂಬಿ ಬಾಗಿಲಲ್ಲಿ ಜೋತಾಡುತ್ತಿತ್ತು. ಮಗಳ ಮನೆಗೆ ಬಂದು ಊರಿಗೆ ಹೊರಟಿದ್ದ ಮಸರಕಲ್ಲಿನ ತಿಮ್ಮವ್ವ ಬುಟ್ಟಿ ಹಿಡಿದು ಅವನ ಎದುರಿಗೇ ನಿಂತಳು.

"ಯಪ್ಪಾ, ಇಷ್ಟು ಸೀಟಿನ್ಯಾಗ ಯಾರು ಕುಂತಾರ? ನನ್ನ ಕಣ್ಣಿಗಂತೂ ಕಾಣವಲ್ರು."

"ಬರಾಕತ್ತಾರ ಯವ್ವಾ. ಇಲ್ಲೇ ಅದಾರ."

"ಹಿಂಗಽ ಹೇಳಿ ನನ್ನ ಗಂಡ ನನ್ನ ನಿಂದ್ರಿಸಿ ಹೋಗ್ಯಾನ. ಸರಿ ಅತ್ಲಾಗ."

ಬೂದೆಪ್ಪ ಸರಿಯಲಿಲ್ಲ. ಡ್ರೈವರ್ ಗಾಡಿ ಚಾಲೂ ಮಾಡಿದಾಗ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಕೂಗಿದ: "ಡ್ರೈವರ್ ಸಾಹೇಬ್ರ, ಒಂದೀಟು ತಡೀರಿ. ಮಾಸ್ತರ್ ಬರಬೇಕು."

"ಮಾಸ್ತರ್ ಬರ್ಲಿಲ್ಲಂದ್ರ ಹುಡುಗರಿಗೆ ಸೂಟಿ. ನನಗೇನು ಸೂಟಿ ಅದ ಏನ್ರೀ?" ಎಂದು ಡ್ರೈವರ್ ಗೇರು ಹಾಕಿದ.

ಜನ ಬಯ್ಯುತ್ತ ಬಯ್ಯುತ್ತಲೇ ಚೀಲ ಪೇಪರುಗಳನ್ನು ಅವನ ಮಡಿಲಿಗೆ ತುಂಬಿ ಕೂತರು. ಮಸರಕಲ್ಲಿನಲ್ಲಿ ತಿಮ್ಮವ್ವ ಇಳಿಯುತ್ತಿದ್ದಾಗ ಬಸ್ಸಿನ ಪಕ್ಕದಿಂದ ಬಿಳಿ ಕಾರೊಂದು ಹಾದುಹೋಯಿತು. ಮುಂದಿನ ಸೀಟಿನಲ್ಲಿ ಮಾಸ್ತರರು. ಹಿಂದೆ ಶಕೀಲ್ ಮತ್ತು ಜಯಾಬಾಯಿ. ಜಯಾಬಾಯಿ ಬಸ್ಸನ್ನು ನೋಡಿದರು, ಕೂಡಲೇ ಫೋನನ್ನು ನೋಡಿದರು. ಅವರ ಪಕ್ಕದಲ್ಲಿ ಇನ್ನೊಂದು ಸೀಟು ಖಾಲಿ ಇತ್ತು.

ಕಾರು ಮಾನ್ವಿಯ ಮುದಸ್ಸಿರ್ ಎಂಬವನದು. ಯಾರೋ ಅಧಿಕಾರಿಯನ್ನು ಬೆಳಿಗ್ಗೆ ಮಾನ್ವಿಯಿಂದ ದೇವದುರ್ಗಕ್ಕೆ ತಂದು ಬಿಟ್ಟು, ಖಾಲಿ ಗಾಡಿಯಲ್ಲಿ ರಾಯಚೂರಿಗೆ ಬಾಡಿಗೆಗೆ ಹೋಗುವವನು. ಹೊರಡುವ ಮುನ್ನ ವಾಟ್ಸಾಪ್ ಗುಂಪಿನಲ್ಲಿ "ಬರ್ತೀರೇನು" ಎಂದು ಕೇಳುತ್ತಾನೆ; ಇವರು ಹೆಬ್ಬೆರಳು ಎತ್ತುತ್ತಾರೆ; ಕಾರು ಮನೆ ಬಾಗಿಲಿಗೇ ಬರುತ್ತದೆ. ಅಧಿಕಾರಿ ರಜೆ ಹಾಕಿದ ದಿನ ಮಾತ್ರ ಕಾರೂ ರಜೆ.

"ನಿನಗ ಹ್ಯಾಂಗ ತಿಳಸಬೇಕೋ ಬೂದೆಪ್ಪಾ?" ಎಂದರು ಮಾಸ್ತರರು, ಮರುದಿನ ಅಧಿಕಾರಿ ರಜೆ ಹಾಕಿದ್ದರಿಂದ ಬಸ್ಸಿಗೆ ಬಂದು ತಮ್ಮ ಸೀಟಿನಲ್ಲಿ ಕೂರುತ್ತ. "ನಿನ್ನ ಡಬ್ಬಿ ಫೋನಿನ್ಯಾಗ ವಾಟ್ಸಾಪ್ ಬರೂದಿಲ್ಲ."

"ಒಂದು ಮಿಸ್‌ಕಾಲ್ ಒಗೀಬೇಕಾಗಿತ್ರಿ. ಡಬ್ಬ್ಯಾಗ ಅದು ಬರ್ತದ. ಮಿಸ್‌ಕಾಲ್ ಬಂತಂದ್ರ ಕಾರು ಬಂತು ಅಂತ ತಿಳಕೊಂಡು, ಸೀಟು ಹಿಡಿಯಾಂಗಿಲ್ಲ."

"ಹಾಂ, ಇದು ಬರೋಬ್ಬರಿ ಅದ," ಎಂದ ಶಕೀಲ್. ಜಯಾಬಾಯಿ ತಲೆಯಾಡಿಸಿದರು. ನನಗೂ ಒಂದು ಸೀಟು ಐತೇನು ಅಂತ ಬೂದೆಪ್ಪ ಕೇಳಲಿಲ್ಲ. ತಾವಾಗಿಯೇ ಕರೆದಾರು ಎಂದುಕೊಂಡಿದ್ದನೋ ಏನೋ.

ಅಂದಿನಿಂದ ಅವನು ಫೋನನ್ನು ಅಂಗಿಯ ಮೇಲ್ಕಿಸೆಗೆ ಬದಲಾಯಿಸಿಕೊಂಡ. ನಿಲ್ದಾಣದಲ್ಲಿ ನಿಂತು ಒಂದು ಕೈಯಲ್ಲಿ ಟುವಾಲು ಹಿಡಿದು ಇನ್ನೊಂದು ಕೈಯಲ್ಲಿ ಕಿಸೆ ಮುಟ್ಟಿ ನೋಡಿಕೊಳ್ಳುತ್ತಿದ್ದ. ಮಿಸ್‌ಕಾಲ್ ಬರಲಿಲ್ಲ ಎಂದರೆ ಗೆಳೆಯರು ಬರುತ್ತಾರೆ. ಮಿಸ್‌ಕಾಲ್ ಒಂದು ದಿನವೂ ಬರಲಿಲ್ಲ. ಗೆಳೆಯರು ಬರುತ್ತಿದ್ದದ್ದು ಅಪರೂಪಕ್ಕೊಮ್ಮೆ. ಹಾಗಾಗಿ ದಿನಾ ಸೀಟು ಹಿಡಿಯುವುದು, ದಿನಾ ಜನರಿಂದ ಬೈಸಿಕೊಳ್ಳುವುದು ನಡೆದೇ ಇತ್ತು. ನೆಟ್‌ವರ್ಕ್ ಇರಲಿಲ್ಲವೇನೋ, ಮರೆತಿರಬೇಕು ಎಂದು ಅವನೇ ಅವರ ಪರವಾಗಿ ನನ್ನ ಮುಂದೆ ವಕಾಲತ್ತು ಮಾಡುತ್ತಿದ್ದ.

ಮತ್ತೊಮ್ಮೆ ಕಾರು ಬಾರದ ದಿನ. ಮೂವರೂ ಬಸ್ಸಿನಲ್ಲಿದ್ದರು, ತಂತಮ್ಮ ಸೀಟುಗಳಲ್ಲಿ. ಕಂಡಕ್ಟರ್ ಬಂದು ಪುಕ್ಕಟೆ ಟಿಕೆಟ್ಟಿಗೆ ಆಧಾರ್ ಕಾರ್ಡು ಕೇಳಿದ. ಜಯಾಬಾಯಿಯ ಚೀಲದಲ್ಲಿ ಕಾರ್ಡು ಯಾವ ಪಾತಾಳದಲ್ಲಿತ್ತೋ, "ಬೂದೆಪ್ಪಾ, ಚೂರು ಇದನ್ನ ಹಿಡಕೋ" ಎಂದು ಫೋನನ್ನು ಅವನ ಕೈಗೆ ತುರುಕಿ ಎರಡೂ ಕೈಯಿಂದ ತಡಕಾಡತೊಡಗಿದರು. ಸೀಟು ಹಿಡಿಯುವವನಿಗೆ ಫೋನು ಹಿಡಿಯುವುದೇನು ದೊಡ್ಡದು? ಹಿಡಿದುಕೊಂಡ.

ಗುಂಪು ತೆರೆದೇ ಇತ್ತು. ಹೆಸರು 'ಟುವಾಲು ಗ್ಯಾಂಗ್'. ಹೆಸರಿನ ಪಕ್ಕದ ದುಂಡನೆಯ ಚಿತ್ರದಲ್ಲಿ ಮುಸುಕು ಹೊದ್ದ ಬೂದೆಪ್ಪ. ಕೆಳಗೆ ಕನ್ನಡದಲ್ಲಿ ಬರೆದ ಮಾತುಗಳು. ಗುಂಪಿನಲ್ಲಿ ಎಲ್ಲರೂ ಕನ್ನಡದಲ್ಲಿಯೇ ಬರೆಯಬೇಕೆಂಬುದು ಮಾಸ್ತರರ ಕಟ್ಟಪ್ಪಣೆ. ಬೂದೆಪ್ಪನಿಗೆ ಓದಲು ಸಾಧ್ಯವಾದದ್ದು ಆ ಕನ್ನಡಾಭಿಮಾನದಿಂದಲೇ. ಜಯಾಬಾಯಿಗೆ ಚಾಳೀಸು, ಅಕ್ಷರಗಳನ್ನು ದಪ್ಪ ಮಾಡಿಸಿಕೊಂಡಿದ್ದರು. ಹಿಂದಿನ ಸೀಟಿನಲ್ಲಿದ್ದ ನನಗೂ ಕಂಡವು.

ಶಕೀಲ್ ಬರೆದಿದ್ದ: "ಕಾರು ಬಂತು. ಬೂದೆಪ್ಪಣ್ಣಗ ಮಿಸ್‌ಕಾಲ್ ಕೊಡ್ಲೇನು?"

ಮಾಸ್ತರರು ಬರೆದಿದ್ದರು: "ಬ್ಯಾಡ. ಕೊಟ್ಟರೆ ಅವನು ಸೀಟು ಹಿಡಿಯುವುದನ್ನೇ ಬಿಡುತ್ತಾನೆ. ನಾಳೆ ಕಾರು ಕೈಕೊಟ್ಟರೆ ನಿಂತು ಹೋಗುವವರು ನಾವು."

ಜಯಾಬಾಯಿ ಏನೂ ಬರೆದಿರಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಗುವ ಹಳದಿ ಮುಖವೊಂದನ್ನು ಇಟ್ಟಿದ್ದರು.

ಬೂದೆಪ್ಪನ ಹೆಬ್ಬೆರಳು ಪರದೆಗೆ ತಾಗಿ ಮಾತುಗಳು ಹಿಂದಕ್ಕೆ ಸರಿದವು. ಅಲ್ಲಿ ವಿಡಿಯೋ. ಹಾಕಿದವನು ಶಕೀಲ್. ಅದರ ಕೆಳಗೆ ಅವನದೇ ಮಾತು: "ನಾನಽ ತಗದಿದ್ದು. ಎಲ್ಲಾ ಕಡೆ ಕಳಸ್ರಿ."

ಅಷ್ಟರಲ್ಲಿ ಆಧಾರ್ ಸಿಕ್ಕಿತು. ಜಯಾಬಾಯಿ ಕೈ ಚಾಚಿದರು. ಬೂದೆಪ್ಪ ಫೋನು ಕೊಟ್ಟ.

"ಭಾಳ ಭಾರ ಅದ ರೀ ಬಾಯಾರ ನಿಮ್ಮ ಫೋನು," ಎಂದ.

ಜಯಾಬಾಯಿ ಪರದೆಯನ್ನು ನೋಡಿದರು, ಅವನನ್ನು ನೋಡಿದರು. ಮಾಸ್ತರರು ಎಂದಿನಂತೆ ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. ಬೂದೆಪ್ಪ ತೊಡೆಯ ಮೇಲಿನ ಟುವಾಲನ್ನು ಬಿಚ್ಚಿದ, ಮಡಚಿದ, ಮತ್ತೆ ಬಿಚ್ಚಿದ. ರಾಯಚೂರಿನ ತನಕ, ಫ್ಯಾಕ್ಟರಿ ಬರುವ ಮುಂಚೆಯೇ ಬಾಯಿಗೆ ಬಟ್ಟೆ ಕಟ್ಟಿಕೊಂಡವನ ಹಾಗೆ ಕುಳಿತಿದ್ದ.

ಆಮೇಲಿನ ದಿನಗಳಲ್ಲಿ ಅವನು ಪೇಪರು ತರಲಿಲ್ಲ. ಬುತ್ತಿಯ ಚೀಲವನ್ನು ಕಾಲ ಬುಡದಲ್ಲಿಟ್ಟುಕೊಂಡ. ಟುವಾಲನ್ನು ಮಾತ್ರ ಕಿಟಕಿಯಿಂದ ಎಸೆಯುವುದು ಬಿಡಲಿಲ್ಲ. ಕಿಟಕಿ ಪಕ್ಕದ ಆ ಸೀಟಿನ ಮೇಲೆ ಟುವಾಲು, ಈ ಕಡೆ ಬೂದೆಪ್ಪ. ಯಾರು ಕೇಳಿದರೂ ಸರಿಯುವುದಿಲ್ಲ, ಬೈದರೆ ತಿರುಗಿ ಬೈಯುವುದೂ ಇಲ್ಲ. ಇಷ್ಟಾದರೂ ಮಾಸ್ತರರ ಸೀಟು ಬಿಡಲಿಲ್ಲವಲ್ಲ ಎಂದು ನನಗೆ ಅವನ ಮೇಲೆ ಸಿಟ್ಟೂ ಬಂತು, ಕನಿಕರವೂ ಬಂತು.

ಕೊನೆಗೊಂದು ದಿನ ಆ ಅಧಿಕಾರಿಗೆ ಬೇರೆ ಊರಿಗೆ ವರ್ಗವಾಯಿತು. ಕಾರು ನಿಂತಿತು. ಮೂವರೂ ಏದುಸಿರು ಬಿಡುತ್ತ ಬಸ್ ನಿಲ್ದಾಣಕ್ಕೆ ಬಂದಾಗ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ.

"ಬೂದೆಪ್ಪಣ್ಣ ಅದಾನ, ನೀವೇನೂ ಚಿಂತಿ ಮಾಡಬ್ಯಾಡ್ರಿ ಮಾಸ್ತರ," ಎನ್ನುತ್ತ ಶಕೀಲ್ ಜನರ ನಡುವೆ ದಾರಿ ಮಾಡಿದ. ಅವನ ಸೀಟಿನಲ್ಲಿ ಯಾರೋ ನಿದ್ದೆ ಹೋಗಿದ್ದರು. ಜಯಾಬಾಯಿಯ ಸೀಟಿನಲ್ಲಿ ಮಸರಕಲ್ಲಿನ ತಿಮ್ಮವ್ವ ಬುಟ್ಟಿಯ ಸಮೇತ ಕುಳಿತಿದ್ದಳು. ಅವಳು ಮೂವರನ್ನೂ ಮೇಲಿಂದ ಕೆಳಗೆ ನೋಡಿ, "ಯಪ್ಪಾ, ಈಗ ಕಾಣಾಕತ್ತಾರ ನೋಡು ನಿನ್ನ ಮಂದಿ" ಎಂದಳು.

ಬೂದೆಪ್ಪ ಕಾಲ ಬುಡದ ಬುತ್ತಿಯ ಚೀಲವನ್ನು ಇನ್ನಷ್ಟು ಒಳಕ್ಕೆ ಸರಿಸಿಕೊಂಡ.

ಮಾಸ್ತರರು ಒಂದು ಕೈಯಲ್ಲಿ ಧೋತರದ ಚುಂಗು, ಇನ್ನೊಂದು ಕೈಯಲ್ಲಿ ಮೇಲಿನ ಸರಳು ಹಿಡಿದು ಅವನ ಸೀಟಿನ ತನಕ ಬಂದರು. ಇಡೀ ಬಸ್ಸಿನಲ್ಲಿ ಖಾಲಿ ಇದ್ದದ್ದು ಅದೊಂದೇ ಸೀಟು. ಅದರ ಮೇಲೆ ಬೂದೆಪ್ಪನ ಟುವಾಲು, ಸುಕ್ಕಿಲ್ಲದ ಹಾಗೆ ಉದ್ದಕ್ಕೆ ಹಾಸಿತ್ತು. ಅದನ್ನು ಕಂಡು ಮಾಸ್ತರರ ಕಣ್ಣು ತೇವವಾಯಿತು. ಜಯಾಬಾಯಿ ಸೆರಗಿನ ತುದಿ ಕಚ್ಚಿಕೊಂಡರು. ಶಕೀಲ್ ಮೊದಲ ಬಾರಿಗೆ ಫೋನನ್ನು ಕಿಸೆಯೊಳಗಿಟ್ಟ. ನಿಂತವರೂ ಕೂತವರೂ ಇತ್ತ ಕತ್ತು ತಿರುಗಿಸಿದರು.

ಮಾಸ್ತರರು ಅವನ ಹೆಗಲ ಮೇಲೆ ಕೈಯಿಟ್ಟು, ಪಾಠ ಮಾಡುವಾಗ ಕೂಡ ಇರದಷ್ಟು ಮೆತ್ತಗಿನ ದನಿಯಲ್ಲಿ ಕೇಳಿದರು: "ಈ ಸೀಟು ಯಾರಿಗೆ ಹಿಡದೀಯೋ ಬೂದೆಪ್ಪಾ?"

"ಯಾರಿಗೂ ಅಲ್ರೀ ಮಾಸ್ತರ," ಎಂದ ಬೂದೆಪ್ಪ. "ಒಣಗಾಕ ಹಾಕೀನಿ."