ತಂಗಿಗೆ ಸಿಗದ ಸಾಲ

ನಮ್ಮ ಮನೆಯಲ್ಲಿ ಓದಿನಲ್ಲಿ ಜಾಣೆ ನಾನಲ್ಲ, ನನ್ನ ತಂಗಿ. ಬೆಟಗೇರಿಯ ನಮ್ಮ ಓಣಿಗೆಲ್ಲ ಇದು ಗೊತ್ತಿತ್ತು. ನಾನು ಪಿಯುಸಿಯ ಜೀವಶಾಸ್ತ್ರವನ್ನು ಗಟ್ಟಿಯಾಗಿ ಓದುತ್ತ ಕೂತರೆ, ಆಗಿನ್ನೂ ಹೈಸ್ಕೂಲಿನಲ್ಲಿದ್ದ ಅವಳು ಭಾಂಡೆ ತಿಕ್ಕುತ್ತಲೇ ಕೇಳಿಸಿಕೊಂಡು, ಮರುದಿನ ನಾನು ತಡವರಿಸಿದ ಕಡೆ ಮುಂದಿನ ಸಾಲನ್ನು ಹೇಳಿಬಿಡುತ್ತಿದ್ದಳು. ನಾನು ನಡುಮಟ್ಟದ ಹುಡುಗಿ. ಆದರೆ ಮೊದಲು ಹುಟ್ಟಿದವಳು, ಹಾಗಾಗಿ ಮೊದಲು ಕಾಲೇಜಿಗೆ ಹೋದೆ. ಮುಂದೆ ಆದದ್ದಕ್ಕೆಲ್ಲ ಇಷ್ಟೇ ಮೂಲ.

ಅಪ್ಪ ಗದಗಿನ ಒಂದು ಮುದ್ರಣಾಲಯದಲ್ಲಿ ಆಫ್‌ಸೆಟ್ ಯಂತ್ರ ನಡೆಸುತ್ತಿದ್ದ. ಬೇಸಿಗೆಯಲ್ಲಿ ಮದುವೆ ಕಾರ್ಡುಗಳು, ಅವು ಮುಗಿಯುವ ಹೊತ್ತಿಗೆ ಕಾಲೇಜುಗಳ ಬಣ್ಣದ ಪುಸ್ತಿಕೆಗಳು. ಬಣ್ಣ ಸರಿಯಾಗಿ ಕೂರದೆ ಕೆಟ್ಟ ಪ್ರತಿಗಳನ್ನು ಮನೆಗೆ ತರುತ್ತಿದ್ದ, ಅವ್ವ ಅವನ್ನು ಡಬ್ಬಿಗಳ ಕೆಳಗೆ ಹಾಸುತ್ತಿದ್ದಳು. ಮದುವೆ ಕಾರ್ಡುಗಳ ಕರಡನ್ನು ತಂಗಿಗೆ ತೋರಿಸುವುದು ಅವನ ರೂಢಿ. ಅವಳು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಯಾರದೋ ಅಜ್ಜನ ಹೆಸರಿನಲ್ಲಿ ಬಿಟ್ಟುಹೋದ ಒತ್ತಕ್ಷರವನ್ನು ಹಿಡಿದು ಕೊಡುತ್ತಿದ್ದಳು. ನಾನು ನರ್ಸಿಂಗ್ ಓದುವುದೆಂದು ಆದಾಗ ಅಪ್ಪ ಆ ಕಾಲೇಜಿನ ಪುಸ್ತಿಕೆಯನ್ನೇ ತಂದ. ಅವನೇ ಅಚ್ಚು ಹಾಕಿದ್ದು. ಹಿಂದೆ ಮುಂದೆ ತಿರುವಿ ನೋಡಿ, "ಬಸ್ಸು, ಲ್ಯಾಬು, ಹಾಸ್ಟೆಲ್ಲು, ಎಲ್ಲಾ ಛಾಪಿಸ್ಯಾರ. ಫೀ ಒಂದ ಬಿಟ್ಟಾರ ನೋಡು" ಎಂದು ನಕ್ಕ.

ನರ್ಸಿಂಗ್ ಎಂದು ಹೇಳಿದ್ದು ಶಿರಹಟ್ಟಿಯ ಸೋದರಮಾವ. ಕಾಳುಕಡಿ ವ್ಯಾಪಾರದಲ್ಲಿ ಕೈ ಪಳಗಿದ ಅವರ ಮಾತು ನಮ್ಮ ಮನೆಯಲ್ಲಿ ನಡೆಯುತ್ತಿತ್ತು. ರೋಗ ಇರುವ ತನಕ ನರ್ಸಿಗೆ ಕೆಲಸ ತಪ್ಪುವುದಿಲ್ಲ ಎಂದರು. ಸರ್ಕಾರಿ ಸೀಟು ಸಿಗಲಿಲ್ಲ, ಖಾಸಗಿ ಕಾಲೇಜಿಗೆ ಬ್ಯಾಂಕಿನ ಶಿಕ್ಷಣ ಸಾಲ ಮಾಡಿ ಸೇರಿದೆ. ನಾನು ಸಹಿ ಹಾಕಿದ ಕಡೆಯೆಲ್ಲ ಅಪ್ಪನೂ ಸಹಿ ಹಾಕಿದ. ಆಗಿನ ಮ್ಯಾನೇಜರು ಒಳ್ಳೆಯ ಮನುಷ್ಯ. ಓದು ಮುಗಿದು ನೌಕರಿ ಹತ್ತಿದ ಮೇಲೆ ಕಟ್ಟುವುದು, ಅಲ್ಲಿಯ ತನಕ ಚಿಂತೆ ಬೇಡ ಎಂದು ನಮಗೆ ಚಹಾ ತರಿಸಿದರು. ಅಪ್ಪ ಆ ಚಹಾದ ಸುದ್ದಿಯನ್ನು ಮುದ್ರಣಾಲಯದಲ್ಲಿ ಬಹಳ ದಿನ ಹೇಳಿಕೊಂಡು ತಿರುಗಿದ.

ಸಾಲ ಮಂಜೂರಾದದ್ದು ಮೊದಲ ವರ್ಷದ ಫೀಯ ಲೆಕ್ಕದ ಮೇಲೆ. ಎರಡನೆಯ ವರ್ಷ ಫೀ ಏರಿತು. ಏಕೆಂದು ಕಚೇರಿಯಲ್ಲಿ ಕೇಳಿದರೆ ಎಲ್ಲ ಕಾಲೇಜುಗಳಲ್ಲೂ ಏರಿದೆ ಎಂದರು. ಮೂರನೆಯ ವರ್ಷ ಆಸ್ಪತ್ರೆಯ ತರಬೇತಿಗೆಂದು ಬೇರೆ, ಕಟ್ಟಡಕ್ಕೆಂದು ಬೇರೆ. ಬ್ಯಾಂಕು ಏರಿದ್ದನ್ನು ಕೊಡಲಿಲ್ಲ. ಅದನ್ನು ಅಪ್ಪ ಎರಡು ಪಾಳಿ ದುಡಿದು ತುಂಬಿದ. ಪೂರ್ತಿ ತುಂಬಲಾಗಲಿಲ್ಲ. ಕೊನೆಯ ಪರೀಕ್ಷೆ ಬರೆಯಲು ಬಿಟ್ಟರು, ಪಾಸೂ ಆದೆ, ಆದರೆ ಬಾಕಿ ತೀರುವ ತನಕ ಅಸಲು ಅಂಕಪಟ್ಟಿ ಕೊಡುವುದಿಲ್ಲ ಎಂದು ಇಟ್ಟುಕೊಂಡರು.

ಅಸಲು ಪಟ್ಟಿ ಇಲ್ಲದವಳಿಗೆ ದೊಡ್ಡ ಆಸ್ಪತ್ರೆಗಳಲ್ಲಿ ಕೆಲಸ ಎಲ್ಲಿಯದು? ಗದಗಿನ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಸೇರಿಕೊಂಡೆ. ಅನುಭವ ಆಗಲಿ, ಸಂಬಳ ಆಮೇಲೆ ನೋಡೋಣ ಎಂದರು. ಹಾಗೂ ಹೀಗೂ ಕೆಲವು ಕಂತು ಕಟ್ಟಿದೆವು. ಅಷ್ಟರಲ್ಲಿ ಜನ ಮದುವೆಯ ಕರೆಯೋಲೆಯನ್ನು ಮೊಬೈಲಿನಲ್ಲೇ ಕಳಿಸುವುದು ಹೆಚ್ಚಾಯಿತು. ಮುದ್ರಣಾಲಯದ ಮಾಲಕರು ಕೆಲಸ ಇದ್ದ ದಿನ ಮಾತ್ರ ಬಾ ಎಂದು ಅಪ್ಪನಿಗೆ ಹೇಳಿದರು. ಕಂತು ನಿಂತಿತು. ಬ್ಯಾಂಕಿನಿಂದ ಇಬ್ಬರು ಮನೆಗೆ ಬಂದು ಕಟ್ಟೆಯ ಮೇಲೆ ಕೂತು, ಓಣಿಯವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ, ಬಹಳ ಮರ್ಯಾದೆಯಿಂದ ಮಾತಾಡಿ ಹೋದರು. ಅಂದು ಸಂಜೆ ಅವ್ವ ನೀರಿಗೆ ಹೋಗಲಿಲ್ಲ, ತಂಗಿ ಹೋದಳು.

ಅದೇ ವರ್ಷ ತಂಗಿಗೆ ಆಯುರ್ವೇದ ಡಾಕ್ಟರಿಕೆಯ ಸೀಟು ಸಿಕ್ಕಿತು.

ಯಾವ ಕೋಚಿಂಗಿಗೂ ಹೋಗದೆ, ಹಳೆಯ ಪುಸ್ತಕಗಳನ್ನು ಓದಿಯೇ ಅವಳು ನೀಟ್ ಬರೆದಿದ್ದಳು. ಮೆರಿಟ್ಟಿನ ಸೀಟು, ಆದರೆ ಬೇರೆ ಊರಿನ ಖಾಸಗಿ ಕಾಲೇಜು. ಮೆರಿಟ್ಟಿನವರಿಗೆ ಫೀ ಕಡಿಮೆ ಎಂದು ಹೇಳುತ್ತಾರೆ. ಕಡಿಮೆ ಎಂದರೆ ಯಾರಿಗೆ ಕಡಿಮೆಯೋ. ನಾನು ಸೇರುವಾಗ ಕಟ್ಟಿದ್ದಕ್ಕಿಂತ ಎಷ್ಟೋ ಹೆಚ್ಚಿತ್ತು, ಹಾಸ್ಟೆಲ್ಲು ಬೇರೆ. ಆದರೂ ಆ ದಿನ ಮನೆಯಲ್ಲಿ ಯಾರಿಗೂ ಹೆದರಿಕೆಯಾಗಲಿಲ್ಲ. ನನ್ನ ಸಾಲ ನನ್ನದು, ಅವಳಿಗೆ ಬ್ಯಾಂಕು ಇದೆಯಲ್ಲ ಎಂದುಕೊಂಡೆವು. ಅಪ್ಪ ಇಸ್ತ್ರಿಯ ಅಂಗಿ ಹಾಕಿಕೊಂಡ. ನಾನು ರಜೆ ಕೇಳಿಕೊಂಡು ಜೊತೆಗೆ ಹೋದೆ.

ಚಹಾ ತರಿಸಿದ ಮ್ಯಾನೇಜರಿಗೆ ವರ್ಗವಾಗಿತ್ತು. ಹೊಸಬರೇನೂ ಕೆಟ್ಟವರಲ್ಲ. ಕೂಡ್ರಿಸಿದರು, ತಂಗಿಯ ಅಂಕಗಳನ್ನು ನೋಡಿ ಶಹಬ್ಬಾಸ್ ಎಂದರು. ಆಮೇಲೆ ಅಪ್ಪನ ಆಧಾರ್ ಸಂಖ್ಯೆ ಹೊಡೆದು ಕಂಪ್ಯೂಟರ್ ಪರದೆಯನ್ನು ನೋಡಿದರು.

"ನಿಮ್ಮ ಹೆಸರಿನ ಮ್ಯಾಲೆ ಒಂದು ಸಾಲ ಕಂತು ನಿಂತು ಸುಸ್ತಿ ಆಗೈತ್ರಿ. ಅದು ತೀರೂತನಕ ಇನ್ನೊಂದು ಕೊಡಾಕ ಬರೂದಿಲ್ಲ" ಎಂದರು.

"ಅದು ದೊಡ್ಡಾಕೀದ್ರಿ ಸಾಹೇಬ್ರ. ಈಕಿ ಬ್ಯಾರೆ."

"ಹುಡುಗ್ಯಾರು ಬ್ಯಾರೆ ಖರೆ. ಅಪ್ಪ ಒಬ್ಬರ ಅಲ್ರಿ?"

ಅಪ್ಪ ಸೋದರಮಾವನ ಜಾಮೀನು ಕೊಡಿಸುತ್ತೇನೆಂದ. ಮಗಳಿಗೆ ಅಪ್ಪ ಇರುವಾಗ ಮಾವನನ್ನು ಒಪ್ಪುವುದು ಕಷ್ಟ ಎಂದರು. ಅವ್ವನ ಹೆಸರಿನಲ್ಲಿ ಎಂದ. ಅವ್ವನಿಗೆ ವರಮಾನವೆಲ್ಲಿತ್ತು? ತಂಗಿ ತೊಡೆಯ ಮೇಲೆ ಫೈಲು ಇಟ್ಟುಕೊಂಡು ಮ್ಯಾನೇಜರ ಮುಖವನ್ನೇ ನೋಡುತ್ತಿದ್ದಳು. ಪರೀಕ್ಷೆಯಲ್ಲಿ ಪ್ರಶ್ನೆಯೇ ತಪ್ಪಾಗಿದ್ದರೆ ಹೇಗೆ ನೋಡುತ್ತಾರೋ ಹಾಗೆ. ಹೊರಗೆ ಬಂದ ಮೇಲೆ ಅಪ್ಪ ಆಟೋ ಕರೆಯಲಿಲ್ಲ, ಸಿಟಿ ಬಸ್ಸಿಗೂ ನಿಲ್ಲಲಿಲ್ಲ. ಗದಗಿನಿಂದ ಬೆಟಗೇರಿಯ ತನಕ ಮೂವರೂ ಬಿಸಿಲಲ್ಲಿ ನಡೆದೆವು. ಅವಳು ಮುಂದೆ, ಅಪ್ಪ ನಡುವೆ, ನಾನು ಎಲ್ಲರಿಗಿಂತ ಹಿಂದೆ. ನನಗೆ ಅವಳ ಸಮಕ್ಕೆ ಹೋಗುವ ಧೈರ್ಯವಾಗಲಿಲ್ಲ.

ಫೀ ಕಟ್ಟಲು ಇನ್ನೂ ಕೆಲವು ದಿನ ಇದ್ದವು. ಅಷ್ಟರಲ್ಲಿ ಶಿರಹಟ್ಟಿಯ ಮಾವನ ಮನೆಯಲ್ಲಿ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಬಂತು. ಅಪ್ಪ ಫೀಗೆ ದುಡ್ಡು ಕೇಳಲೆಂದೇ ಹೊರಟ. ಊಟವಾದ ಮೇಲೆ ಗಂಡಸರು ಪಡಸಾಲೆಯಲ್ಲಿ ಎಲೆಯಡಿಕೆ ಹಾಕಿಕೊಂಡು ಕೂತಿದ್ದರು. ಟಿವಿಯಲ್ಲಿ ಓದಿನ ಸಾಲವನ್ನು ಮನ್ನಾ ಮಾಡಬೇಕೋ ಬೇಡವೋ ಎಂದು ನಾಲ್ಕಾರು ಜನ ಕಿರುಚುತ್ತಿದ್ದರು. ಪಡಸಾಲೆಯಲ್ಲೂ ಅದೇ ಮಾತು ಶುರುವಾಯಿತು. ಬೇರೆಯವರ ಸಾಲ ಮನ್ನಾ ಆಗುವುದಾದರೆ ಮಕ್ಕಳದ್ದೇಕೆ ಆಗಬಾರದು ಎಂದು ಒಬ್ಬರು. ಸಾಲ ಮಾಡಿ ಓದು ಎಂದು ಯಾರು ಕೈ ಹಿಡಿದಿದ್ದರು ಎಂದು ಇನ್ನೊಬ್ಬರು. ತೆಗೆದುಕೊಂಡವರು ಕಟ್ಟದಿದ್ದರೆ ಹಿಂದೆ ಬರುವ ಮಕ್ಕಳಿಗೆ ಬ್ಯಾಂಕು ಕೊಡುತ್ತದೆಯೇ ಎಂದು ಮಾವ ಕೇಳಿದರು. ಅವರು ನನ್ನತ್ತ ನೋಡಿ ಅನ್ನಲಿಲ್ಲ. ಆದರೂ ನಾನು ಒಳಗಿನ ಬಾಗಿಲಲ್ಲಿ ತಾಟು ಹಿಡಿದುಕೊಂಡು ನಿಂತಲ್ಲೇ ನಿಂತೆ.

ನನ್ನ ಪಕ್ಕದಲ್ಲಿದ್ದ ತಂಗಿ ಹೊರಗೆ ಹೆಜ್ಜೆಯಿಟ್ಟಳು. "ಮಾಮಾ, ಸಾಲ ಕಟ್ಟಬೇಕು, ಅದು ಖರೆ. ಆದ್ರ ಫೀ ಯಾಕ ಅಷ್ಟ ಆತು ಅಂತ ಟಿವಿಯವರೂ ಕೇಳವಲ್ರು, ನೀವೂ ಕೇಳವಲ್ರಿ" ಎಂದಳು. ದನಿ ಏರಿಸಲಿಲ್ಲ. ಹುಡುಗಿ ಬೆರಕಿ ಇದ್ದಾಳೆ ಎಂದು ಯಾರೋ ನಕ್ಕರು. ಮಾವ ನಗಲಿಲ್ಲ.

ಅಪ್ಪ ಅವರನ್ನು ಬದಿಗೆ ಕರೆದು ಕೇಳಿದ. ಮಾವ, ಸಾಲ ಹೊತ್ತ ನನಗಲ್ಲ, ತಂಗಿಗೆ ಒಂದು ಸಂಬಂಧದ ಮಾತು ಎತ್ತಿದರು. ಡೋಣಿ ಎಂಬ ಹಳ್ಳಿಯ ಹುಡುಗ, ಮುಂಡರಗಿಯಲ್ಲಿ ಗೊಬ್ಬರದ ಅಂಗಡಿಯಲ್ಲಿ ಕೆಲಸ, ಸ್ವಂತ ಮನೆ, ವರದಕ್ಷಿಣೆಯ ಆಸೆ ಇಲ್ಲ. "ಮದುವಿ ಖರ್ಚು ನಾ ನೋಡ್ಕೋತೀನಿ" ಎಂದರು.

"ಅದ ರೊಕ್ಕ ಫೀಗೆ ಕೊಡ್ರಲ್ಲ" ಎಂದ ಅಪ್ಪ.

"ಮದುವಿ ಒಂದ ಸಲದ ಖರ್ಚು. ಓದು ವರ್ಷಾ ಏರ್ತೈತಿ. ದೊಡ್ಡಾಕೀದು ನೋಡಿದಿವಲ್ಲ."

ಅವರ ಮಾತು ಸುಳ್ಳಲ್ಲ ಎಂಬುದೇ ನನ್ನನ್ನು ಇಂದಿಗೂ ಸುಡುತ್ತದೆ. ಬ್ಯಾಂಕಿನವರೂ ಸುಳ್ಳು ಹೇಳಲಿಲ್ಲ. ಕಾಲೇಜಿನವರನ್ನು ಕೇಳಿದರೆ ಅವರ ಹತ್ತಿರವೂ ಒಂದು ಕಾರಣ ಇರುತ್ತದೆ.

ಫೀ ಕಟ್ಟುವ ಕೊನೆಯ ದಿನ ತಂಗಿ ಎಂದಿನಂತೆ ರೊಟ್ಟಿ ಬಡಿದಳು. ಅವಳು ಅತ್ತಿದ್ದರೆ ನಾವೂ ಜೊತೆಗೆ ಅತ್ತು ಹಗುರಾಗುತ್ತಿದ್ದೆವೇನೋ, ಅವಳು ಅಳಲಿಲ್ಲ. ಮಧ್ಯಾಹ್ನ ಹಿತ್ತಲಲ್ಲಿ ಬಟ್ಟೆ ಹಿಂಡುವಾಗ ನಾನು ಅವಳಿಗೆ, ಒಂದು ವರ್ಷ ತಡಿ, ನಾನು ಬೇರೆ ಕೆಲಸ ಹಿಡಿದು ಕಂತು ಸರಿ ಮಾಡುತ್ತೇನೆ, ಮತ್ತೆ ಬರೆ ಎಂದೆ. ಸೀರೆಯ ಇನ್ನೊಂದು ತುದಿ ಅವಳ ಕೈಯಲ್ಲಿತ್ತು.

"ಮುಂದಿನ ವರ್ಷ ನನ್ನ ರ‍್ಯಾಂಕ್ ಬ್ಯಾರೆ ಆಗತೈತಿ, ಫೀ ಬ್ಯಾರೆ ಆಗತೈತಿ. ನಿನ್ನ ಸಾಲ ಮಾತ್ರ ಇದ್ದಂಗ ಇರತೈತಿ ಅಕ್ಕಾ" ಎಂದು ಸೀರೆಯನ್ನು ಜೋರಾಗಿ ತಿರುಚಿದಳು.

ಒಂದು ವರ್ಷ ಓಣಿಯ ಮಕ್ಕಳಿಗೆ ಮನೆಪಾಠ ಹೇಳಿದಳು. ಸಾದಾ ಡಿಗ್ರಿಯಾದರೂ ಸೇರು ಎಂದರೆ ಬೇಡ ಎಂದಳು. ಒಮ್ಮೆ ಅಪ್ಪ, ಹಾಗಲ್ಲವ್ವಾ ಎಂದು ಏನೋ ಹೇಳಹೋದಾಗ, ಮಾವ ಹೇಳಿದ ಆ ಹುಡುಗನ ಕಡೆಯವರನ್ನು ಬರಹೇಳು ಎಂದುಬಿಟ್ಟಳು. ಅವಳ ಮದುವೆಯ ಕಾರ್ಡನ್ನು ಅಪ್ಪ ತನ್ನ ಕೈಯಾರೆ ಅಚ್ಚು ಹಾಕಿದ. ಕರಡನ್ನು ತಂದು ಹೊಸ್ತಿಲ ಬಳಿ ಹಿಡಿದರೆ ಅವಳು ಕೈಗೆ ತೆಗೆದುಕೊಳ್ಳಲಿಲ್ಲ. "ತಪ್ಪಿದ್ರ ಇರಲಿ ಬಿಡಪ್ಪಾ" ಎಂದಳು. ಅಪ್ಪ ಆ ಕಾಗದವನ್ನು ಹಿಡಿದುಕೊಂಡೇ ಕಟ್ಟೆಗೆ ಹೋಗಿ ಕೂತ. ಮದುವೆ ಮುಂಡರಗಿಯ ಕಲ್ಯಾಣ ಮಂಟಪದಲ್ಲಿ ಚೆನ್ನಾಗಿಯೇ ಆಯಿತು. ಮಾವ ಮಾತು ಉಳಿಸಿಕೊಂಡರು.

ಅವಳು ಹೋದ ಮೇಲೆ ನಾನು ಲಕ್ಷ್ಮೇಶ್ವರದ ಒಂದು ಆಸ್ಪತ್ರೆಗೆ ಸೇರಿದೆ. ಸಂಬಳ ಸ್ವಲ್ಪ ಹೆಚ್ಚು, ಕೆಲಸ ಎರಡರಷ್ಟು. ದಿನಾ ಬೆಳಿಗ್ಗೆ ಗದಗಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಬಸ್ಸು ಹಿಡಿಯುತ್ತಿದ್ದೆ. ನನ್ನಂಥವರು ಆ ಬಸ್ಸಿನಲ್ಲಿ ಬಹಳ ಇದ್ದರು. ಬಿ.ಎಡ್. ಮಾಡಿ ಖಾಸಗಿ ಶಾಲೆಗೆ ಹೋಗುವವರು, ಡಿಪ್ಲೊಮಾ ಮಾಡಿ ಅಂಗಡಿಯಲ್ಲಿ ಬಿಲ್ಲು ಬರೆಯುವವರು. ಕಂತಿನ ದಿನ ಹತ್ತಿರ ಬಂದರೆ ಯಾರೂ ಯಾರನ್ನೂ ಮಾತಾಡಿಸುತ್ತಿರಲಿಲ್ಲ. ನನಗೆ ಬಂದ ಸಂಬಂಧಗಳು ಸಾಲದ ಮಾತು ಬಂದ ಕೂಡಲೇ ನಿಂತವು. ಲಕ್ಷ್ಮೇಶ್ವರದ ಒಬ್ಬ ಹಿರಿಯರಂತೂ, ಹುಡುಗಿ ಒಪ್ಪಿಗೆ ಇದೆ, ಸಾಲ ತೌರಿನಲ್ಲೇ ಬಿಟ್ಟು ಬರುತ್ತಾಳೆಯೇ ಎಂದು ನೇರವಾಗಿಯೇ ಕೇಳಿದರು. ಅಪ್ಪ ಹೂಂ ಅನ್ನುವವನಿದ್ದ. ನಾನೇ ಬೇಡ ಎಂದೆ. ಇನ್ನೂ ಎಷ್ಟನ್ನು ಅವನ ಹೆಗಲಿಗೆ ಹಾಕುವುದು?

ಕಳೆದ ವರ್ಷ ಸಾಲ ತೀರಿತು. ಕಾಲೇಜಿನ ಬಾಕಿ ಕಟ್ಟಿದ ಮೇಲೆ ಅಂಕಪಟ್ಟಿಯೂ ಕೈಗೆ ಬಂತು. ಬಾಕಿ ಇಲ್ಲವೆಂಬ ಪತ್ರ ಕೊಡುತ್ತ ಬ್ಯಾಂಕಿನ ಹುಡುಗಿ ನಗುಮುಖದಿಂದ, ಇನ್ನು ನಿಮ್ಮ ತಂದೆಯವರಿಗೆ ಯಾವ ಸಾಲ ಬೇಕಾದರೂ ಸಿಗುತ್ತದೆ ಎಂದಳು. ಅಪ್ಪನ ಕಣ್ಣಿಗೆ ಆಗಲೇ ಪೊರೆ ಬಂದಿತ್ತು, ಯಂತ್ರದ ಕೆಲಸ ಬಿಟ್ಟಿದ್ದ. ಮನೆಗೆ ಬಂದು ಹೇಳಿದಾಗ, ಸಣ್ಣಾಕಿಗೆ ತಿಳಿಸಿದೆಯಾ ಎಂದು ಒಂದೇ ಮಾತು ಕೇಳಿದ.

ಫೋನಿನಲ್ಲಿ ಹೇಳುವ ಮಾತಲ್ಲ ಎನಿಸಿ ಭಾನುವಾರ ಡೋಣಿಗೆ, ತಂಗಿಯ ಮನೆಗೆ ಹೋದೆ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ತಂಗಿ ಅಂಗಳದಲ್ಲಿ ಮೆಣಸಿನಕಾಯಿ ಹರವಿ ತೊಟ್ಟು ಬಿಡಿಸುತ್ತಿದ್ದಳು. ಮಗು ಒಳಗೆ ಮಲಗಿತ್ತು. ಗಂಡ ಒಳ್ಳೆಯವನು, ನನ್ನನ್ನು ಕಂಡೊಡನೆ ಮಜ್ಜಿಗೆ ತಂದು ಕೊಟ್ಟು, ಮಾತಾಡ್ರಿ ಎಂದು ಹೊರಗೆ ಹೋದ. ಸಾಲ ಮುಗಿಯಿತು ಎಂದೆ. ಅವಳು ತಲೆಯೆತ್ತಿ ನೋಡಿ, "ಚಲೋ ಆತು" ಎಂದಳು. ಆ ಮಾತಿನಲ್ಲಿ ಕಹಿ ಇರಲಿಲ್ಲ. ಇದ್ದಿದ್ದರೆ ನಾನು ಏನಾದರೂ ಹೇಳಬಹುದಿತ್ತು. ಪಕ್ಕದಲ್ಲಿ ಕೂತು ನಾನೂ ತೊಟ್ಟು ಬಿಡಿಸತೊಡಗಿದೆ.

ಸ್ವಲ್ಪ ಹೊತ್ತಿಗೆ ಅವಳ ನಾದಿನಿ ಮೊಬೈಲು ಹಿಡಿದು ಬಂದಳು. ಆಗಷ್ಟೇ ಪಿಯುಸಿ ಮುಗಿಸಿದವಳು. ನಾನು ಓದಿದ ಕಾಲೇಜಿನದೇ ಜಾಹೀರಾತು ತೋರಿಸಿ, "ಅಕ್ಕಾರ, ಇಲ್ಲಿ ಸೇರಬೇಕಂತ ಮಾಡೇನ್ರಿ. ಸಾಲಾನೂ ಕಾಲೇಜಿನವರ ಮಾಡಿಸಿ ಕೊಡ್ತಾರಂತ. ತಗೋಬೇಕೋ ಬ್ಯಾಡೋ?" ಎಂದಳು. ಈಗಿನ ಫೀ ಎಷ್ಟೆಂದು ಕೇಳಿದೆ. ಅವಳು ಹೇಳಿದ್ದು ನಾನು ಕಟ್ಟಿದ್ದಕ್ಕಿಂತ ಎಷ್ಟೋ ಹೆಚ್ಚಿತ್ತು. ಅದು ಮೊದಲ ವರ್ಷದ್ದು ಮಾತ್ರ. ಮುಂದೆ ಏರುತ್ತದೆ, ಸಂಬಳ ಹಾಗೆ ಏರುವುದಿಲ್ಲ ಎಂದು ನನಗೆ ತಿಳಿದದ್ದನ್ನೆಲ್ಲ ಹೇಳಿದೆ. ಬೇಡ ಎಂದು ಮಾತ್ರ ಬಾಯಿಗೆ ಬರಲಿಲ್ಲ. ಬೇಡವೆಂದರೆ ಆ ಹುಡುಗಿ ಹೋಗುವುದಾದರೂ ಎಲ್ಲಿಗೆ?

ಹುಡುಗಿ ಅತ್ತಿಗೆಯ ಕಡೆ ತಿರುಗಿದಳು. ತಂಗಿ ಕೈಯ ಖಾರವನ್ನು ಸೆರಗಿಗೆ ಒರೆಸಿಕೊಂಡಳು.

"ಸಾಲ ತಗೊಂಡ್ರ ಮನ್ಯಾಗ ಒಬ್ಬರ ಓದೂದು. ನಿನ್ನ ಹಿಂದ ಓದವ್ರು ಯಾರೂ ಇಲ್ಲಲ್ಲ?" ಎಂದು ಕೇಳಿದಳು.

ಇಲ್ಲ ಎಂದಳು ಹುಡುಗಿ.

"ಹಂಗಾರ ತಗೋ."

ಒಳಗೆ ಮಗು ಎದ್ದು ಅಳತೊಡಗಿತು. ಅವಳ ಕೈಗೆ ಖಾರ ಹತ್ತಿತ್ತು, ನನ್ನ ಕೈಗೂ. ಯಾರು ಎತ್ತಿಕೊಳ್ಳುವುದೆಂದು ಇಬ್ಬರೂ ಒಂದು ಗಳಿಗೆ ಮುಖ ಮುಖ ನೋಡಿಕೊಂಡೆವು. ನಾದಿನಿ ಮೊಬೈಲನ್ನು ಕಟ್ಟೆಯ ಮೇಲಿಟ್ಟು ಒಳಗೆ ಓಡಿದಳು.